ಹಾಡುವವರಿಗೆ ಬುತ್ತಿ ಕಟ್ಟಿದವರು

ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹಳ್ಳಿಗಳಿಗೆ ಬಂದರೆ ಭಜನಾ ಮೇಳದ ಹಾಡು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಒಂದು ಹಾರ್ಮೋನಿಯಂ, ಒಂದು ತಬಲಾ, ಎರಡು ಜೋಡಿ ತಾಳ, ಹಾಡಲು ಐದಾರು ಜನ. ಗುಡಿಯ ಕಟ್ಟೆಯ ಮೇಲೆ ಕುಳಿತರೆ ಮೇಳ ಸಿದ್ಧ. ಖರ್ಚೆಂದರೆ ಚಹಾ, ಚುರುಮುರಿ, ಅಷ್ಟೇ. ಆದರೆ ಮೇಳದಲ್ಲಿ ನೂರು ಜನರಿದ್ದರೆ?

ಯುರೋಪಿನ ದೇಶಗಳಲ್ಲಿ ಅಂಥ ಮೇಳಗಳಿವೆ. ಅದಕ್ಕೆ ಸಿಂಫನಿ ಆರ್ಕೆಸ್ಟ್ರಾ ಎನ್ನುತ್ತಾರೆ. ಸಾಲು ಸಾಲು ಪಿಟೀಲುಗಳು, ಆಳೆತ್ತರದ ತಂತಿವಾದ್ಯಗಳು, ಕೊಳಲು, ಕಹಳೆ, ನಗಾರಿ ಎಲ್ಲ ಸೇರಿ ಎಂಬತ್ತರಿಂದ ನೂರು ಜನ ಒಟ್ಟಿಗೆ ನುಡಿಸುತ್ತಾರೆ. ಎದುರಿಗೆ ಒಬ್ಬರು ಸಣ್ಣ ಕೋಲು ಹಿಡಿದು ನಿಂತಿರುತ್ತಾರೆ. ಅವರು ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಆದರೆ ನೂರು ಜನರೂ ಅವರ ಕೈ ನೋಡಿಯೇ ನುಡಿಸುತ್ತಾರೆ. ಇಷ್ಟು ಜನರ ಸಂಬಳ ಟಿಕೆಟ್ಟಿನ ಹಣದಿಂದ ಮಾತ್ರ ಹೊಂದುವುದು ಕಷ್ಟ. ಆದ್ದರಿಂದ ಸರಕಾರ, ಕಂಪನಿಗಳು, ಉಳ್ಳವರು ಕೈಜೋಡಿಸಬೇಕಾಗುತ್ತದೆ. ನಮ್ಮ ದೇಶದಲ್ಲೂ 2006ರಲ್ಲಿ ಮುಂಬಯಿಯಲ್ಲಿ ಅಂಥದೊಂದು ಆರ್ಕೆಸ್ಟ್ರಾ ಶುರುವಾಯಿತು.

ಏಳನೆಯ ತರಗತಿಯ ನನ್ನ ಮೊಮ್ಮಗಳು ಒಮ್ಮೆ ಮೈಸೂರು ದಸರಾ ಬಗ್ಗೆ ಪ್ರಬಂಧ ಬರೆಯುತ್ತ ಕುಳಿತಿದ್ದಳು. ಅರಮನೆಯ ಬ್ಯಾಂಡಿನ ಮಾತು ಬಂತು. ಆಗ ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಇದು ನಡೆದ ಕಥೆ.

ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಚಿಕ್ಕಂದಿನಿಂದ ಅವರಿಗೆ ಪಿಯಾನೋ ಎಂದರೆ ಪ್ರಾಣ. ಕಛೇರಿ ಕೊಡುವ ಪಿಯಾನೋ ವಾದಕನಾಗಬೇಕೆಂಬ ಆಸೆಯೂ ಇತ್ತು. ಆದರೆ 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಪಿಯಾನೋ ಮುಂದೆ ಕೂರಬೇಕಾದವರು ಸಿಂಹಾಸನದ ಮೇಲೆ ಕುಳಿತರು. ತಾನು ನುಡಿಸಲಾಗದಿದ್ದರೇನು, ನುಡಿಸುವವರಿಗೆ ನೆರವಾಗಬಹುದಲ್ಲ?

ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರರಿದ್ದರು. ವಯಸ್ಸಾಗಿತ್ತು, ಕಾಯಿಲೆಯಿತ್ತು, ಅವರ ಸಂಗೀತವನ್ನು ಕೇಳುವವರೂ ಕಡಿಮೆಯಾಗಿದ್ದರು. 1948ರ ಹೊತ್ತಿಗೆ ಮಹಾರಾಜರು ಹಣ ಕೊಟ್ಟು ಅವರ ಸಂಗೀತವನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು.

ಅದೇ ಊರಿನಲ್ಲಿ ವಾಲ್ಟರ್ ಲೆಗ್ ಎಂಬುವರು 1945ರಲ್ಲಿ ಫಿಲ್ಹಾರ್ಮೋನಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದ್ದರು. ಒಳ್ಳೊಳ್ಳೆಯ ವಾದಕರಿದ್ದರು, ಹಣವಿರಲಿಲ್ಲ. ಮಹಾರಾಜರು ಲೆಗ್ ಅವರನ್ನು ಮೈಸೂರಿಗೆ ಕರೆಸಿಕೊಂಡರು. ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರು. ಆಗ ಒಂದು ಪೌಂಡಿಗೆ ಸುಮಾರು 13 ರೂಪಾಯಿ 33 ಪೈಸೆ. ಹಾಗಾದರೆ ವರ್ಷಕ್ಕೆ ಎಷ್ಟು ರೂಪಾಯಿ? ಮಕ್ಕಳೇ, ಗುಣಿಸಿ ನೋಡಿ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಈ ಆರ್ಕೆಸ್ಟ್ರಾದ ದೊಡ್ಡ ಕಛೇರಿ ನಡೆಯಿತು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ‘ನಾಲ್ಕು ಕೊನೆಯ ಹಾಡುಗಳು’ ಜಗತ್ತಿನಲ್ಲಿ ಮೊದಲ ಸಲ ಕೇಳಿಬಂದದ್ದು ಅಲ್ಲೇ. ಅವುಗಳನ್ನು ರಚಿಸಿದ ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹಾಡಿದವರು ನಾರ್ವೆಯ ಗಾಯಕಿ ಫ್ಲಾಗ್‌ಸ್ಟಾಡ್. ಕಛೇರಿಯ ಖರ್ಚಿಗೆ 4,800 ಡಾಲರ್ ಜಾಮೀನು ನಿಂತವರು ನಮ್ಮ ಮೈಸೂರಿನ ಮಹಾರಾಜರು. ಆದರೆ ಅವರಿಗೆ ಆ ದಿನ ಅಲ್ಲಿರಲು ಆಗಲಿಲ್ಲ. ಆ ಸಂಗೀತವನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿಕೊಟ್ಟರು.

ಇಷ್ಟು ಕೇಳಿದ ಮೊಮ್ಮಗಳು ಪೆನ್ನು ಕೆಳಗಿಟ್ಟಳು. “ಅಜ್ಜಾ, ಬ್ರಿಟಿಷರು ಆಗ ತಾನ ದೇಶ ಬಿಟ್ಟು ಹೋಗಿದ್ರು. ನಮ್ಮ ರೊಕ್ಕ ಅವರ ಊರಿನ ಮೇಳಕ್ಕ ಯಾಕ ಕೊಡಬೇಕಿತ್ತು?”

“ನಮ್ಮ ರೊಕ್ಕ ಅಲ್ಲ ಬಿಡವ್ವ. ಆಗ ನಾವು ಮೈಸೂರಿನವರ ಅಲ್ಲ. ಕೊಪ್ಪಳ ಸೀಮಿ ಹೈದರಾಬಾದ್ ರಾಜ್ಯದಾಗಿತ್ತು. 1956ರಾಗ ನಾವೂ ಮೈಸೂರು ರಾಜ್ಯಕ್ಕ ಕೂಡಿದ್ವಿ,” ಎಂದೆ. ಅವಳು ನಕ್ಕಳು. ಆದರೆ ಪ್ರಶ್ನೆ ಬಿಡಲಿಲ್ಲ. ಅವಳ ಪ್ರಶ್ನೆ ಹಗುರವಾದದ್ದಲ್ಲ. ಊರಿನ ಹಸಿವು ಮೊದಲೋ, ದೂರದ ಹಾಡು ಮೊದಲೋ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಸಂಗೀತಕ್ಕೆ ಗಡಿ ಇಲ್ಲ ಎಂದು ಹೇಳಿ ಅವಳ ಬಾಯಿ ಮುಚ್ಚಿಸಲು ನನಗೆ ಮನಸ್ಸಾಗಲಿಲ್ಲ. “ಮುಂದಿನ ಕಥಿ ಕೇಳು, ಆಮ್ಯಾಲ ನೀನ ಹೇಳು,” ಎಂದೆ.

ರಾಜ್ಯಗಳು ಹೋದವು, ರಾಜರ ಬೊಕ್ಕಸವೂ ಮೊದಲಿನಂತೆ ಉಳಿಯಲಿಲ್ಲ. 1964ರಲ್ಲಿ ಲೆಗ್ ಕೂಡ ಆರ್ಕೆಸ್ಟ್ರಾ ನಿಲ್ಲಿಸುವುದಾಗಿ ಹೇಳಿಬಿಟ್ಟರು. ಆಗ ವಾದಕರು ಏನು ಮಾಡಿದರು ಗೊತ್ತೇ? ಮೇಳವನ್ನು ತಾವೇ ನಡೆಸುತ್ತೇವೆಂದು ನಿಂತರು. ‘ನ್ಯೂ ಫಿಲ್ಹಾರ್ಮೋನಿಯಾ’ ಎಂದು ಹೆಸರಿಟ್ಟುಕೊಂಡು ನುಡಿಸಿದರು. 1977ರಲ್ಲಿ ಹಳೆಯ ಹೆಸರೂ ಮರಳಿ ಸಿಕ್ಕಿತು. ಆ ಮೇಳ ಇಂದಿಗೂ ಇದೆ. ಒಬ್ಬ ದೊಡ್ಡ ದಾನಿ ಮೇಳವನ್ನು ಎತ್ತಿ ನಿಲ್ಲಿಸಬಲ್ಲ. ಆದರೆ ಅವನು ಹಿಂದೆ ಸರಿದ ದಿನ ಅದು ಬೀಳದಂತೆ ಹಿಡಿಯಲು ಬಹಳ ಕೈಗಳು ಬೇಕು.

ಬಹಳ ಕೈಗಳ ದಾನ ನೋಡಬೇಕೆಂದರೆ ನಾವು ಲಂಡನ್ನಿಗೆ ಹೋಗಬೇಕಿಲ್ಲ. ಪಕ್ಕದ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ತಮ್ಮಂಥ ಮಕ್ಕಳಿಗೆ ಕಲಿಸಲು ನಿಂತರು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಎಲ್ಲವೂ ಉಚಿತ. ಅದಕ್ಕೆ ಹಣ ಬೇಕಲ್ಲ? ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಆಶ್ರಮ ನಡೆಸಿದರು. ಭಕ್ತರು ಅವರಿಗೆ ತುಲಾಭಾರ ಮಾಡಿದರೆ ಆ ಕಾಣಿಕೆಯೂ ಮಕ್ಕಳ ಊಟಕ್ಕೇ ಹೋಗುತ್ತಿತ್ತು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ವೆಂಕಟೇಶ ಕುಮಾರ್ ಹನ್ನೆರಡು ವರ್ಷ ಪುಟ್ಟರಾಜರ ಬಳಿಯಿದ್ದು ಕಲಿತವರು. ಅವರ ಹಾಡು ಕೇಳುವಾಗ, ಹೆಸರಿಲ್ಲದ ಎಷ್ಟೋ ತಾಯಂದಿರು ಕೊಟ್ಟ ಜೋಳ ನನಗೆ ನೆನಪಾಗುತ್ತದೆ.

ಈಗ ಕಂಪನಿಗಳ ಕಾಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಾಲೆ, ಆಸ್ಪತ್ರೆಯ ಜೊತೆಗೆ ಕಲೆ, ಸಂಸ್ಕೃತಿಯೂ ಆ ಪಟ್ಟಿಯಲ್ಲಿವೆ.

ನಮ್ಮೂರ ಭಜನಾ ಮೇಳಕ್ಕೂ ಒಂದು ಕಂಪನಿಯವರು ಬಂದರು. ಹಾರ್ಮೋನಿಯಂನ ತಿದಿ ಹರಿದು ಆರು ತಿಂಗಳಾಗಿತ್ತು. ಹೊಸ ಹಾರ್ಮೋನಿಯಂ, ತಬಲಾ, ಮೈಕು ಎಲ್ಲ ಕೊಡುತ್ತೇವೆ ಎಂದರು. ಎರಡು ಮಾತು ಮಾತ್ರ: ಪೆಟ್ಟಿಗೆಯ ಮೇಲೆ ತಮ್ಮ ಹೆಸರಿರಬೇಕು, ತಮ್ಮ ವಾರ್ಷಿಕೋತ್ಸವದಲ್ಲಿ ತತ್ವಪದದ ಬದಲು ಸಿನಿಮಾ ಹಾಡು ಹಾಡಬೇಕು. ಹುಡುಗರು ಹೂಂ ಎಂದರು. ಹಿರಿಯರು ಸುಮ್ಮನೆ ಕುಳಿತರು. ಕೊನೆಗೆ ನಮ್ಮ ಮೇಳದ ಹಿರಿಯ ಹಾಡುಗಾರ ಹೇಳಿದ: “ಹೆಸರು ಬರೀರಿ, ಉಪಕಾರ ಮಾಡಿದವರ ಹೆಸರು ಇರಲಿ. ಕಾರ್ಯಕ್ರಮಕ್ಕ ಬರ್ತೀವಿ. ಆದ್ರ ಏನ ಹಾಡಬೇಕು ಅನ್ನೂದು ಮೇಳಕ್ಕ ಬಿಡ್ರಿ.” ಬಂದವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ಅದೇ ರಾತ್ರಿ ಊರಿನಲ್ಲಿ ಇನ್ನೊಂದು ತೀರ್ಮಾನವೂ ಆಯಿತು. ಸುಗ್ಗಿಯಲ್ಲಿ ಮನೆಗೆ ಒಂದು ಸೇರು ಜೋಳ ಮೇಳಕ್ಕೆ. ಕಂಪನಿ ನಾಳೆ ಬರಲಿ, ಬಿಡಲಿ, ತಿದಿ ಹರಿದರೆ ಹೊಲಿಸಲು ನಮ್ಮಲ್ಲೇ ಹಣವಿರಬೇಕು ಎಂದು.

ಮೊಮ್ಮಗಳು ಪ್ರಬಂಧದ ಕೊನೆಗೆ ಎರಡು ಸಾಲು ಸೇರಿಸಿದಳು. ಮಹಾರಾಜರು ಕೊಟ್ಟದ್ದು ಸರಿಯೋ ತಪ್ಪೋ ಎಂದು ಇನ್ನೂ ಯೋಚಿಸುತ್ತಿದ್ದೇನೆ, ಆದರೆ ಆ ನಾಲ್ಕು ಹಾಡುಗಳನ್ನು ಕೇಳಬೇಕು ಎಂದು ಬರೆದಿದ್ದಳು. ನಿಮ್ಮ ಮನೆಯ ಅಜ್ಜ, ಅಜ್ಜಿಯರನ್ನು ನೀವೂ ಕೇಳಿ: ನಿಮ್ಮೂರ ಮೇಳಕ್ಕೆ ಮೊದಲ ಹಾರ್ಮೋನಿಯಂ ಕೊಡಿಸಿದವರು ಯಾರು?