ನೀಪರ್ ದಂಡೆಯ ವಿದ್ಯಾಮಠ

ನೀಪರ್ ನದಿಯನ್ನು ದಾಟಿ ಉಕ್ರೇನಿನ ರಾಜಧಾನಿಯಾದ ಕೀವ್ ನಗರವನ್ನು ಸಮೀಪಿಸುವ ಯಾತ್ರಿಕನಿಗೆ ಬಲದಂಡೆಯ ಗುಡ್ಡಗಳ ಮೇಲೆ ಥಳಥಳಿಸುವ ಚಿನ್ನದ ಗುಮ್ಮಟಗಳು ಕಾಣಿಸುತ್ತವೆ. ಅವುಗಳ ನಡುವೆ 96 ಮೀಟರಿಗೂ ಮಿಗಿಲಾದ ಘಂಟಾಗೋಪುರವೊಂದು ನಿಮಿರಿ ನಿಂತಿದೆ. ಇದೇ ಪೆಚೆರ್ಸ್ಕ್ ಲಾವ್ರ. ಎಂದರೆ ಗುಹೆಗಳ ಮಹಾಮಠ. 1051ರಲ್ಲಿ ಅಂತೋನಿಯೆಂಬ ಸಂನ್ಯಾಸಿಯು ಈ ಗುಡ್ಡದ ಗುಹೆಯೊಂದರಲ್ಲಿ ನೆಲಸಿದುದರಿಂದ ಇದರ ಚರಿತ್ರೆ ಮೊದಲಾಗುತ್ತದೆ. ನೆಲದೊಳಗಿನ ಇಕ್ಕಟ್ಟಾದ ಹಾದಿಗಳ ಪಕ್ಕದಲ್ಲಿ ಸಂತರ ದೇಹಗಳನ್ನು ಇರಿಸಲಾಗಿದೆ. 12ನೆಯ ಶತಮಾನದ ಆದಿಯಲ್ಲಿ ನಾಡಿನ ಇತಿವೃತ್ತವನ್ನು ಬರೆದನೆಂದು ಪ್ರಸಿದ್ಧನಾದ ನೆಸ್ತೋರನ ಅವಶೇಷವೂ ಅಲ್ಲಿಯೇ ಇದೆ.

ತಪಸ್ಸಿನ ಈ ತಾಣವು ವಿದ್ಯೆಯ ಕೋಟೆಯಾದದ್ದು ಕಷ್ಟಕಾಲದಲ್ಲಿ. 16ನೆಯ ಶತಮಾನದ ಕೊನೆಯಲ್ಲಿ ಕೀವ್ ಪೋಲೆಂಡಿನ ಆಳ್ವಿಕೆಗೆ ಒಳಪಟ್ಟಿತ್ತು. 1596ರ ಬ್ರೆಸ್ಟ್ ಒಪ್ಪಂದದಿಂದ ಹಲವು ಬಿಷಪ್ಪರು ರೋಮಿನ ಪೋಪರ ಅಧಿಕಾರಕ್ಕೆ ತಲೆಬಾಗಿದರು. ಸಿರಿವಂತರ ಮಕ್ಕಳು ಜೆಸ್ಯೂಟರ ಶಾಲೆಗಳಿಗೆ ಹೋಗಿ, ಬೇರೆ ನುಡಿ ಮತ್ತು ಬೇರೆ ಮತಗಳನ್ನು ಹೊತ್ತು ಹಿಂದಿರುಗುತ್ತಿದ್ದರು. ಪೂರ್ವಿಕರ ಸಂಪ್ರದಾಯವು ಹಳ್ಳಿಗರ ಸೊತ್ತಾಗಿ ಉಳಿದು ಅಳಿಯುವುದೋ ಎಂಬ ಭಯ ಮೂಡಿತು.

1599ರಲ್ಲಿ ಮಠಾಧಿಪತಿಯಾದ ಯೆಲಿಸೇಯ್ ಪ್ಲೆತೆನೆತ್ಸ್ಕಿಯು ಇದಕ್ಕೆ ಕಂಡುಕೊಂಡ ಮದ್ದು ಅಚ್ಚುಕೂಟ. ಮುದ್ರಣಯಂತ್ರವನ್ನು ತರಿಸಿದ್ದಲ್ಲದೆ ರದೋಮಿಶ್ಲ್‌ನಲ್ಲಿ ಕಾಗದದ ಕಾರ್ಖಾನೆಯನ್ನೂ ಅವನು ಸ್ಥಾಪಿಸಿದನು. 1616ರಲ್ಲಿ ಹೊರಬಂದ ಪ್ರಾರ್ಥನಾಪುಸ್ತಕವು ಮಕ್ಕಳಿಗೆ ಓದು ಕಲಿಸುವುದಕ್ಕೂ ಒದಗಿತು. ಅದೇ ಅಚ್ಚುಕೂಟದಲ್ಲಿ ಪಾಂವೋ ಬೆರಿಂದಾ ಎಂಬ ಸಂನ್ಯಾಸಿಯು 1627ರಲ್ಲಿ ಸುಮಾರು 7,000 ಶಬ್ದಗಳ ನಿಘಂಟನ್ನು ಮುದ್ರಿಸಿದನು. ದೇವಾಲಯದ ಪ್ರಾಚೀನ ಸ್ಲಾವ್ ಪದಗಳಿಗೆ ಜನರ ಬಳಕೆಯ ನುಡಿಯಲ್ಲಿ ಅರ್ಥ ಹೇಳಿದ ಗ್ರಂಥವದು.

ಆ ವರ್ಷವೇ ಪೇತ್ರೋ ಮೊಹಿಲನು ಮಠದ ಪೀಠವನ್ನೇರಿದನು. ಇವನು ಮೊಲ್ಡೇವಿಯದ ದೊರೆಯ ಮಗ. 1631ರಲ್ಲಿ ಅವನು ಲಾವ್ರದಲ್ಲಿ ತೆರೆದ ಶಾಲೆಯ ಪಾಠಗಳು ಲ್ಯಾಟಿನಿನಲ್ಲಿ ನಡೆದವು. ಊರೆಲ್ಲ ಕ್ಷೋಭೆಗೊಂಡಿತು. ಲ್ಯಾಟಿನ್ ವಿರೋಧಿಗಳ ಭಾಷೆಯಲ್ಲವೆ? ಮತವನ್ನು ಉಳಿಸಬೇಕಾದವರೇ ಅದನ್ನು ಮಾರುತ್ತಿರುವರೆಂಬ ಸಂಶಯ ಹಬ್ಬಿತು. ಜನರು ತಮ್ಮನ್ನು ನದಿಯ ಮೀನುಗಳಿಗೆ ಆಹಾರವಾಗಿಸುವರೆಂದು ಉಪಾಧ್ಯಾಯರು ಅಂಜಿ ಕುಳಿತಿದ್ದುದನ್ನು ಅವರಲ್ಲೊಬ್ಬನಾದ ಸಿಲ್ವೆಸ್ತರ್ ಕೊಸಿವನು 1635ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ನ್ಯಾಯಾಲಯದಲ್ಲಿ, ರಾಜಸಭೆಯಲ್ಲಿ ಲ್ಯಾಟಿನ್ ಅರಿಯದವನ ಮಾತಿಗೆ ಬೆಲೆಯಿಲ್ಲವೆಂಬುದು ಅವರ ವಾದವಾಗಿತ್ತು.

ಮೊಹಿಲನು ಹಟ ಬಿಡಲಿಲ್ಲ. ಆದರೆ ರಾಜಿಗೆ ಒಪ್ಪಿದನು. ಗುಡ್ಡದಿಂದ ಇಳಿದು ಹೊಳೆಯಂಚಿನ ಪೊದಿಲ್ ಪೇಟೆಗೆ ಬಂದರೆ ಆ ರಾಜಿಯ ಫಲವನ್ನು ಕಾಣಬಹುದು. 1615ರಲ್ಲಿ ಹಲ್ಷ್ಕಾ ಹುಲೆವಿಚಿವ್ನಾ ಎಂಬ ಮಹಿಳೆಯು ದಾನವಿತ್ತ ನಿವೇಶನದಲ್ಲಿ ನಾಗರಿಕರ ಸಂಘವೊಂದರ ಶಾಲೆ ಇಲ್ಲಿ ನಡೆಯುತ್ತಿತ್ತು. 1632ರಲ್ಲಿ ಮಠದ ಶಾಲೆಯು ಅದರೊಡನೆ ಕೂಡಿಕೊಂಡಿತು. ಸಂನ್ಯಾಸಿಗಳ ವಿದ್ಯೆಗೂ ನಾಗರಿಕರ ಅಭಿಮಾನಕ್ಕೂ ಒಂದೇ ಸೂರು ದೊರೆಯಿತು. ಮೊಹಿಲನು ಮುಂದೆ ಕೀವಿನ ಮಹಾಧರ್ಮಾಧ್ಯಕ್ಷನಾಗಿ, ಶಿಥಿಲವಾಗಿದ್ದ ಸಂತ ಸೋಫಿಯಾ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದನು. ಸಾಯುವಾಗ ತನ್ನ ಗ್ರಂಥಭಂಡಾರವನ್ನು ಈ ವಿದ್ಯಾಲಯಕ್ಕೇ ಬಿಟ್ಟುಹೋದನು. ತತ್ತ್ವಜ್ಞಾನಿಯಾದ ಸ್ಕೊವೊರೊದನು 18ನೆಯ ಶತಮಾನದಲ್ಲಿ ಓದಿದ್ದು ಇಲ್ಲಿಯೇ.

ಮುಂದಿನ ಪೆಟ್ಟು ಬಿದ್ದುದು ಬೇರೊಂದು ದಿಕ್ಕಿನಿಂದ. ಕೀವ್ ರಷ್ಯದ ಕೈಸೇರಿದ ಬಳಿಕ ಇಲ್ಲಿ ಕಲಿತ ಪಂಡಿತರನ್ನು ಮಾಸ್ಕೋ ಆದರದಿಂದ ಬರಮಾಡಿಕೊಂಡಿತು. ಆದರೆ ಲಾವ್ರದ ಅಚ್ಚುಕೂಟವು ಹಳೆಯ ಧರ್ಮಗ್ರಂಥಗಳನ್ನಲ್ಲದೆ ಬೇರೇನನ್ನೂ ಮುದ್ರಿಸಕೂಡದೆಂದೂ ಅವೂ ರಷ್ಯದ ಪ್ರತಿಗಳಿಗೆ ಅಕ್ಷರಶಃ ಹೊಂದಬೇಕೆಂದೂ 1720ರಲ್ಲಿ ಪೀಟರ್ ದೊರೆಯ ಆಜ್ಞೆಯಾಯಿತು. ಪರಮತದ ದೊರೆಯ ಕಾಲದಲ್ಲಿ ಬೆಳೆದ ಅಕ್ಷರಕ್ಕೆ ಸ್ವಮತದ ದೊರೆಯೇ ಬೇಲಿ ಹಾಕಿದನು. ವಿದ್ಯಾಲಯವನ್ನು 1817ರಲ್ಲಿ ಮುಚ್ಚಲಾಯಿತು. ಲಾವ್ರದ ಪ್ರಧಾನ ದೇವಾಲಯವು 1941ರ ಯುದ್ಧದಲ್ಲಿ ಸಿಡಿದು ಉರುಳಿತು.

ಎರಡೂ ಮತ್ತೆ ಎದ್ದು ನಿಂತಿವೆ. ದೇವಾಲಯವು 2000ದಲ್ಲಿ ಪುನಃ ಪ್ರತಿಷ್ಠಿತವಾಯಿತು. ಸ್ವತಂತ್ರ ಉಕ್ರೇನಿನಲ್ಲಿ 1992ರಿಂದ ಪೊದಿಲ್‌ನ ಅದೇ ಅಂಗಳದಲ್ಲಿ ಮೊಹಿಲನ ಹೆಸರಿನ ವಿಶ್ವವಿದ್ಯಾಲಯವು ನಡೆಯುತ್ತಿದೆ. ಅಲ್ಲಿ ವ್ಯವಹಾರಕ್ಕೆ ಎರಡು ಭಾಷೆಗಳು: ಒಂದು ಉಕ್ರೇನಿಯನ್, ಇನ್ನೊಂದು ಇಂಗ್ಲಿಷ್. ಲೋಕದ ಭಾಷೆಯನ್ನು ಕಲಿತೂ ಮನೆಯ ಮಾತನ್ನು ಉಳಿಸಿಕೊಳ್ಳಬಹುದೆಂಬ ಆ ಹಳೆಯ ಮಠಾಧಿಪತಿಯ ನಂಬಿಕೆಯು ಇಂದು ಆ ಬಾಗಿಲೊಳಗೆ ಯಾರನ್ನೂ ಬೆದರಿಸುವುದಿಲ್ಲ.