ಆರ್‌ಐಪಿ ಅನ್ನೋಕೆ ಮುಂಚೆ...

ಈಗೆಲ್ಲ ಸಾವಿನ ಸುದ್ದಿ ಬರೋದೇ ಫೋನಿಗೆ. ಯಾರೋ ಹೋದ್ರು ಅಂತ ಗೊತ್ತಾಗುತ್ತೆ, ಮೂರು ಇಂಗ್ಲಿಷ್ ಅಕ್ಷರ ಒತ್ತಿ, ಪಕ್ಕದಲ್ಲೊಂದು ಕೈಮುಗಿದ ಚಿತ್ರ ಹಾಕಿ ನಮ್ಮ ಕೆಲಸಕ್ಕೆ ವಾಪಸ್. ಹೋದವರು ನಮಗೆ ಆಗದವರಾಗಿದ್ರೆ ಅದೂ ಇಲ್ಲ, ಒಂದು ಜೋಕು ಅಷ್ಟೆ.

ಈ ಆರ್‌ಐಪಿ ಹುಟ್ಟಿದ್ದು ಲ್ಯಾಟಿನ್ ಪ್ರಾರ್ಥನೆಯಿಂದ. ಸಮಾಧಾನದಿಂದ ವಿಶ್ರಮಿಸಲಿ ಅಂತ ಅರ್ಥ. ಅಂದ್ರೆ ಅದು 'ಸುದ್ದಿ ತಲುಪಿದೆ' ಅನ್ನೋ ರಸೀದಿ ಅಲ್ಲ, ಸತ್ತವರ ಪರವಾಗಿ ದೇವರಲ್ಲಿ ಕೇಳ್ಕೊಳ್ಳೋದು. ಕ್ಯಾಥೊಲಿಕರು ಇವತ್ತಿಗೂ ಹಾಗೆ ಕೇಳ್ಕೋತಾರೆ, ನವೆಂಬರ್ 2 ಅದಕ್ಕೇ ಮೀಸಲು. ನಮ್ಮಂಥ ಪ್ರಾಟೆಸ್ಟೆಂಟರಲ್ಲಿ ಆ ರೂಢಿ ಸಾಮಾನ್ಯವಾಗಿ ಇಲ್ಲ. ಉಳಿದವರಿಗೆ ಸಾಂತ್ವನ ಕೊಡಪ್ಪಾ ಅಂತ ಬೇಡ್ಕೋತೀವಿ. ಹಿಂದೂಗಳು ಆರ್‌ಐಪಿ ಅನ್ನಬಾರದು, ಸದ್ಗತಿ ಅನ್ನಬೇಕು ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ನನಗೆ ಪದದ ಜಗಳ ಬೇಡ. ಸುದ್ದಿ ಕೇಳಿದ ಆ ಕ್ಷಣ ನಮ್ಮೊಳಗೆ ಏನಾಗುತ್ತೆ ಅನ್ನೋದೇ ನನ್ನ ಪ್ರಶ್ನೆ.

2014ರ ಆಗಸ್ಟ್ 22ಕ್ಕೆ ಯು.ಆರ್. ಅನಂತಮೂರ್ತಿ ತೀರಿಕೊಂಡ್ರು. ಆಗ ನಾನು ಪಿಯುಸಿ. ಮಂಗಳೂರು, ಚಿಕ್ಕಮಗಳೂರಲ್ಲಿ ಕೆಲವರು ಪಟಾಕಿ ಹೊಡೆದ್ರು ಅಂತ ಮಾರನೇ ದಿನ ಪೇಪರಿನಲ್ಲಿ ಬಂತು. ಮೋದಿ ಪ್ರಧಾನಿಯಾದ್ರೆ ಈ ದೇಶದಲ್ಲಿರಲ್ಲ ಅಂತ ಅವರು 2013ರಲ್ಲಿ ಆಡಿದ ಮಾತಿನ ಸಿಟ್ಟು ಅದು. ಸಿಟ್ಟು ಇರಬಹುದು ಬಿಡಿ. ಆದ್ರೆ ಸಾವಿಗೆ ಪಟಾಕಿನಾ?

ಅದಕ್ಕೆ ಮೂರು ವರ್ಷ ಮುಂಚೆ, 2011ರ ಮೇನಲ್ಲಿ, ಒಸಾಮಾ ಬಿನ್ ಲಾಡೆನ್ ಸತ್ತಾಗ ಅಮೆರಿಕದಲ್ಲಿ ಜನ ಬೀದಿಗಿಳಿದು ಕುಣಿದಿದ್ರು. ಆಗ ವ್ಯಾಟಿಕನ್ನಿನ ವಕ್ತಾರ ಫಾದರ್ ಫೆಡೆರಿಕೊ ಲೊಂಬಾರ್ಡಿ ಒಂದು ಪುಟ್ಟ ಹೇಳಿಕೆ ಕೊಟ್ರು. ದ್ವೇಷ ಹರಡಿದ ದೊಡ್ಡ ಹೊಣೆ ಅವನ ಮೇಲಿದೆ ಅಂತ ನೇರವಾಗೇ ಅಂದ್ರು. ಜೊತೆಗೇ, ಮನುಷ್ಯನೊಬ್ಬನ ಸಾವಿಗೆ ಕ್ರೈಸ್ತನಾದವನು ಸಂತೋಷಪಡಲ್ಲ ಅಂತಲೂ ಹೇಳಿದ್ರು. ನನಗೆ ಇದು ಇಷ್ಟವಾಯ್ತು. ಸತ್ತ ಅಂತ ಹೊಗಳಬೇಕಾಗಿಲ್ಲ, ಕುಣಿಯಬೇಕಾಗೂ ಇಲ್ಲ.

ಇಷ್ಟು ಹೇಳಿ ನಮ್ಮವರನ್ನ ಬಿಟ್ಟುಬಿಟ್ರೆ ತಪ್ಪಾಗುತ್ತೆ. ಕ್ರೈಸ್ತರನ್ನ ಸದಾ ಬೈತಿದ್ದ ಒಬ್ಬರು ತೀರಿಕೊಂಡ ದಿನ, ನಾನಿದ್ದ ಒಂದು ವಿಶ್ವಾಸಿಗಳ ಗುಂಪಿನಲ್ಲಿ 'ನೋಡಿ, ದೇವರ ನ್ಯಾಯ' ಅಂತ ಮೆಸೇಜ್ ಬಂತು. ಕೆಳಗೆ ಸಾಲಾಗಿ ಆಮೆನ್, ಆಮೆನ್... ಪಟಾಕಿಗೂ ಈ ಆಮೆನ್ನಿಗೂ ಶಬ್ದವೊಂದು ಬಿಟ್ರೆ ಏನು ವ್ಯತ್ಯಾಸ ಹೇಳಿ?

ನಾವು ಓದೋ ಬೈಬಲ್ಲಿನಲ್ಲೇ ದಾವೀದನ ಕಥೆ ಇದೆ. ಸೌಲ ರಾಜ ಅವನನ್ನ ಕೊಲ್ಲೋಕೆ ಕಾಡುಮೇಡು ಅಲೆದವನು. ಅಂಥ ಸೌಲ ಯುದ್ಧದಲ್ಲಿ ಸತ್ತ ಅಂತ ಒಬ್ಬ ಕಿರೀಟ ಹಿಡ್ಕೊಂಡು ಓಡಿ ಬರ್ತಾನೆ, ಬಹುಮಾನ ಸಿಗುತ್ತೆ ಅಂದ್ಕೊಂಡು. ದಾವೀದ ಬಟ್ಟೆ ಹರ್ಕೊಂಡು ಅತ್ತು ಸಾಯಂಕಾಲದವರೆಗೆ ಉಪವಾಸ ಇರ್ತಾನೆ. ಸೌಲನ ಮೇಲೆ ಶೋಕಗೀತೆ ಕಟ್ಟಿ ತನ್ನ ಜನಕ್ಕೆಲ್ಲ ಕಲಿಸ್ತಾನೆ. (ಸುದ್ದಿ ತಂದವನನ್ನ ಕೊಲ್ಲಿಸ್ತಾನೆ ಕೂಡ, ಅದನ್ನ ನಾನು ಒಪ್ಪಲ್ಲ.) ಇನ್ನು ಲೂಕನ ಸುವಾರ್ತೆಯಲ್ಲಿ ಸಿಲೋವಾಮಿನ ಬುರುಜು ಬಿದ್ದು 18 ಜನ ಸತ್ತ ಪ್ರಸ್ತಾಪ ಬರುತ್ತೆ. ಸತ್ತವರು ಬೇರೆಯವರಿಗಿಂತ ಹೆಚ್ಚು ಪಾಪ ಮಾಡಿದ್ರು ಅಂದ್ಕೊಂಡ್ರಾ ಅಂತ ಯೇಸು ಕೇಳಿ, ಇಲ್ಲ ಅಂತ ತಾನೇ ಉತ್ತರ ಕೊಡ್ತಾನೆ. ನೀವು ನಿಮ್ಮನ್ನ ನೋಡ್ಕೊಳ್ಳಿ ಅಂತಾನೆ. ಅಲ್ಲಿಗೆ 'ದೇವರ ನ್ಯಾಯ' ಅನ್ನೋ ತೀರ್ಪು ಬರೆಯೋ ಅಧಿಕಾರ ನಮ್ಮ ಕೈಯಿಂದ ಹೋಯ್ತಲ್ಲ!

ಇದು ಆಗದವರ ಮಾತಾಯ್ತು. ನಮ್ಮವರೇ ಹೋದಾಗ? ನಮ್ಮೂರು ದೇವಸಮುದ್ರ, ಮೊಳಕಾಲ್ಮೂರು ತಾಲ್ಲೂಕು. ಆಂಧ್ರದ ಗಡಿ ಹತ್ತಿರ, ಕನ್ನಡ ತೆಲುಗು ಎರಡೂ ಓಡಾಡೋ ಸೀಮೆ. ಅಲ್ಲಿ ನಮ್ಮ ತಾತ ತೀರಿಕೊಂಡಾಗ ಪೇಟೆಯ ಸಭೆಯಿಂದ ಬಂದಿದ್ದ ಒಬ್ಬರು, "ಅಳಬೇಡಮ್ಮ, ಕರ್ತನ ಹತ್ರ ಹೋಗಿದ್ದಾರೆ, ವಿಶ್ವಾಸ ಇರೋರು ಅಳಬಾರದು" ಅಂತ ಅಜ್ಜಿಗೆ ಹೇಳ್ತಾನೇ ಇದ್ರು. ಅಜ್ಜಿ ಸೆರಗು ಬಾಯಿಗೆ ಒತ್ತಿ ಕೂತಿತ್ತು. ಪಕ್ಕದ ಮನೆ ಅವ್ವನಿಗೆ ತಡೀಲಿಲ್ಲ. "ಅಳ್ಲಿ ಬಿಡ್ರೀ ಸ್ವಾಮಿ. ನಲವತ್ತು ವರ್ಷ ಬಾಳ್ವೆ ಮಾಡೈತೆ ಆವಮ್ಮ, ಅಳದೆ ಇನ್ನೇನ್ ಮಾಡ್ತೈತೆ?" ಅಂದ್ರು. ಆಗ ಅಜ್ಜಿಯ ಅಳು ಹೊರಗೆ ಬಂತು.

ಬೈಬಲ್ ಒಂದು ಪುಟವೂ ಓದದ ಆ ಅವ್ವನೇ ಸರಿ ಹೇಳಿದ್ದು. ಲಾಜರ ಸತ್ತು ನಾಲ್ಕು ದಿನ ಆದಮೇಲೆ ಯೇಸು ಬೇಥಾನ್ಯಕ್ಕೆ ಬರ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತು. ಆದ್ರೂ ಮರಿಯ ಅಳೋದನ್ನ ನೋಡಿ ತಾನೂ ಅಳ್ತಾನೆ. ಪುನರುತ್ಥಾನ ಗೊತ್ತಿದ್ದವನೇ ಅತ್ತ ಮೇಲೆ, ಅಳಬೇಡಿ ಅನ್ನೋಕೆ ನಾವ್ಯಾರು? ಭರವಸೆ ಇದೆ ಅಂದ್ರೆ ದುಃಖ ಇರಬಾರದು ಅಂತಲ್ಲ, ದುಃಖದಲ್ಲೂ ಹಿಡ್ಕೊಳ್ಳೋಕೆ ಒಂದು ಕೈ ಇದೆ ಅಂತ.

ನಮ್ಮ ಕಡೆ ಅಂತ್ಯಕ್ರಿಯೆಗೆ ಹೋಗೋದಕ್ಕೆ 'ಮಣ್ಣಿಗೆ ಹೋಗೋದು' ಅಂತಾರೆ. ಮದುವೆಗೆ ಕರೀದಿದ್ರೆ ಹೋಗಲ್ಲ, ಮಣ್ಣಿಗೆ ಯಾರೂ ಕರೆಯೋದು ಬೇಕಿಲ್ಲ. ಹೊಲದ ಬದುವಿನ ಜಗಳಕ್ಕೆ ತಾತನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದವರೊಬ್ಬರು ಅವತ್ತು ಎಲ್ಲರಿಗಿಂತ ಮುಂಚೆ ಬಂದು ಗುಂಡಿ ತೋಡೋಕೆ ನಿಂತ್ರು. ಪ್ರಾರ್ಥನೆ ಮುಗಿದ ಮೇಲೆ ನಮ್ಮ ಜೊತೆಗೇ ಒಂದು ಹಿಡಿ ಮಣ್ಣು ಹಾಕಿ, ಕೈ ಒದರಿಕೊಂಡು, ಒಂದು ಮಾತೂ ಆಡದೆ ಹೋದ್ರು. ತಾತನ ತಪ್ಪು ಅವರು ಮರೆತಿದ್ರು ಅಂತ ನನಗನ್ಸಲ್ಲ. ಅವತ್ತು ಆ ಲೆಕ್ಕ ತೆಗೀಲಿಲ್ಲ, ಅಷ್ಟೆ.

ಹಾಗಾಗಿ ಈಗ ಸುದ್ದಿ ಬಂದ್ರೆ ನಾನು ಮೊದಲು ಒಂದು ನಿಮಿಷ ಸುಮ್ಮನಿರ್ತೀನಿ. ಆ ಮನೆಯವರ ಹೆಸರು ಹಿಡಿದು ಪ್ರಾರ್ಥಿಸ್ತೀನಿ. ಆಮೇಲೆ ಸಾಧ್ಯ ಇದ್ರೆ ಬಸ್ ಹತ್ತುತೀನಿ, ಆಗದಿದ್ರೆ ಫೋನ್ ಮಾಡಿ ಅವರು ಮಾತಾಡಿದಷ್ಟು ಹೊತ್ತು ಕೇಳ್ತೀನಿ. ಯಾಕೆ ಹೀಗಾಯ್ತು ಅನ್ನೋ ವಿವರಣೆ ನನ್ನ ಹತ್ರ ಇಲ್ಲ, ಕೊಡೋಕೂ ಹೋಗಲ್ಲ.

ನಿಮ್ಮ ಕಡೆ ಮಣ್ಣಿಗೆ ಹೋಗೋದಕ್ಕೆ ಏನಂತಾರೆ? ಮಾತು ಬಿಟ್ಟವರೂ ಬರ್ತಾರಾ? ಬರೀರಿ, ಓದ್ಬೇಕು ಅನ್ಸಿದೆ.