ಅತ್ತೆಯವರ ಸಕ್ಕರೆ

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆಯೆಂಬುದು ರಾಮಮೂರ್ತಿ ನಗರದ ನಮ್ಮ ಬೀದಿಗೆಲ್ಲ ತಿಳಿದ ಸಂಗತಿ. ಆ ಕಾಯಿಲೆಗೆ ಬೀದಿಯ ತುಂಬ ವೈದ್ಯರು! ಒಬ್ಬರು ಮೆಂತ್ಯವೆಂದರು, ಇನ್ನೊಬ್ಬರು ನೇರಳೆ ಬೀಜವೆಂದರು. ನಾನು ಹಾಗಲಕಾಯಿಯ ರಸವನ್ನು ನಂಬಿದೆ. ನಂಬಿದ್ದಿರಲಿ, ರಸವಿದೆಯಲ್ಲಾ ಎಂದು ಎರಡು ತಿಂಗಳು ಮಾತ್ರೆಗಳನ್ನು ತರಿಸದೆಯೇ ಬಿಟ್ಟೆ.

ಚಪ್ಪಲಿ ಕಚ್ಚಿದ ಕಾಲ್ಬೆರಳಿನ ಗಾಯ ಕೀವುಗಟ್ಟಿತು. ಒಂದು ಸಂಜೆ ಜ್ವರವೇರಿ ಅವರ ಮಾತು ತೊದಲತೊಡಗಿದಾಗ ಯಜಮಾನರೂ ನಾನೂ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆವು. ಟಿನ್ ಫ್ಯಾಕ್ಟರಿಯ ಬಳಿ ವಾಹನಗಳ ಸಂತೆಯಲ್ಲಿ ಕಳೆದ ಅರ್ಧ ಗಂಟೆ ನನಗೊಂದು ಯುಗ. ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ 460 ಎಂದರು.

ಇನ್ಸುಲಿನ್ ಎಂದರೆ ಹೊಟ್ಟೆಯ ಚರ್ಮಕ್ಕೆ ಚುಚ್ಚುವುದೆಂದೇ ನಾನು ತಿಳಿದಿದ್ದೆ. ಅಲ್ಲಿ 50 ಮಿಲಿಲೀಟರ್ ಸಲೈನಿನಲ್ಲಿ 50 ಯೂನಿಟ್ ಬೆರೆಸಿ, ಆ ಸಿರಿಂಜನ್ನು ಪುಟ್ಟ ಯಂತ್ರವೊಂದಕ್ಕೆ ಸಿಕ್ಕಿಸಿ, ನೇರವಾಗಿ ರಕ್ತನಾಳಕ್ಕೆ ಹರಿಯಬಿಟ್ಟರು. ಅದಕ್ಕೆ ಮೊದಲು ದಾದಿ ಆ ಮದ್ದನ್ನು ಒಂದಿಷ್ಟು ಕೊಳವೆಯ ಮೂಲಕ ಹರಿಸಿ ಚೆಲ್ಲಿಬಿಟ್ಟಳು. ನನಗೆ ಸಂಕಟ! ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆಯಂತೆ; ಕೊಳವೆ ತನ್ನ ಪಾಲನ್ನು ಹೀರಿದ ಮೇಲೆಯೇ ರೋಗಿಗೆ ಸರಿಯಾದ ಅಳತೆ ಸಲ್ಲುವುದು. ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿ ಯಂತ್ರದ ವೇಗವನ್ನು ಬದಲಿಸುತ್ತಿದ್ದರು. ಸಕ್ಕರೆಯೊಡನೆ ಪೊಟ್ಯಾಸಿಯಂ ಕೂಡ ರಕ್ತದಿಂದ ಜೀವಕೋಶಗಳೊಳಗೆ ನುಸುಳುವುದರಿಂದ ಅದರ ಮೇಲೂ ಕಣ್ಣು. ಅದು ತೀರ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುವುದು.

ನಡುರಾತ್ರಿಗೆ 210. "ನೂರಕ್ಕೆ ತಂದುಬಿಡಿ ಡಾಕ್ಟ್ರೇ" ಎಂದು ಅಂಗಲಾಚಿದೆ. ಆ ತರುಣ ವೈದ್ಯರು ಬೇಸರಿಸಲಿಲ್ಲ.

"ವೈದ್ಯರೂ ಒಂದು ಕಾಲದಲ್ಲಿ ಹಾಗೆಯೇ ಭಾವಿಸಿದ್ದರಮ್ಮಾ. 2001ರಲ್ಲಿ ಬೆಲ್ಜಿಯಂನಲ್ಲಿ ನಡೆದ ಒಂದು ಅಧ್ಯಯನ ಆ ಆಸೆ ಹುಟ್ಟಿಸಿತ್ತು. ಆಮೇಲೆ 2009ರಲ್ಲಿ ನೈಸ್-ಶುಗರ್ ಅಧ್ಯಯನ ಪ್ರಕಟವಾಯಿತು. ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಸಕ್ಕರೆಯನ್ನು 81ರಿಂದ 108ರೊಳಗೆ ಹಿಡಿದಿಡಲು ಹೊರಟವರಲ್ಲಿಯೇ ಸಾವು ಹೆಚ್ಚು! ನಮಗೆ 140ರಿಂದ 180 ಸಾಕು."

ನನ್ನ ಬಾಯಿ ಮುಚ್ಚಿಸಲು ಹೇಳುತ್ತಾರೆಂದುಕೊಂಡೆ. ಬೆಳಗಿನ ಜಾವ ಮೂರು ಗಂಟೆಗೆ ಅತ್ತೆಯವರು ಬೆವೆತು ದಿಂಬು ತೊಯ್ದಿತು. ನನ್ನನ್ನು ಗುರುತಿಸದೆ, ಎಂದೋ ತೀರಿಕೊಂಡ ತಮ್ಮ ಅಕ್ಕನನ್ನು ಕರೆಯತೊಡಗಿದರು. ನಾನು ಕೂಗಿಕೊಂಡೆ. ದಾದಿ ಓಡಿಬಂದು ಬೆರಳು ಚುಚ್ಚಿದಳು: 62. ಯಂತ್ರವನ್ನು ನಿಲ್ಲಿಸಿ ಗ್ಲೂಕೋಸ್ ಕೊಟ್ಟಳು. ರಕ್ತನಾಳಕ್ಕೆ ಕೊಟ್ಟ ಇನ್ಸುಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ನಿಲ್ಲಿಸಿದರೆ ಬೇಗನೆ ಅದರ ಹಿಡಿತ ಸಡಿಲುತ್ತದೆ. ಚರ್ಮದಡಿ ಕೊಟ್ಟಿದ್ದರೆ ಗಂಟೆಗಟ್ಟಲೆ ಕಾಡುತ್ತಿತ್ತು. ಕಾಲು ಗಂಟೆಯಲ್ಲಿ 118.

"ಇನ್ನೂ ಮಲಗಿಲ್ಲವೇನಮ್ಮಾ ನೀನು?" ಎಂದರು ಅತ್ತೆಯವರು. ನಾನು ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಗಾಯವನ್ನು ಶುದ್ಧಮಾಡಿದರು, ಬೆರಳು ಉಳಿಯಿತು. ಮೂರನೆಯ ದಿನ ಇಡ್ಲಿ ತಿನ್ನುವಂತಾದಾಗ ಹೊಟ್ಟೆಗೆ ಚುಚ್ಚುಮದ್ದು ಕೊಟ್ಟರು, ಆದರೆ ಯಂತ್ರವನ್ನು ನಿಲ್ಲಿಸಲಿಲ್ಲ. ಎರಡೆರಡು ಮದ್ದೇಕೆಂದು ಮತ್ತೆ ಗಾಬರಿಯಾದೆ. ಚರ್ಮದಡಿಯದು ಕೆಲಸಕ್ಕಿಳಿಯಲು ಒಂದೆರಡು ಗಂಟೆ ಬೇಕು, ಹೊಸ ಕಾವಲುಗಾರ ಬರುವ ತನಕ ಹಳೆಯವನು ಬಾಗಿಲು ಬಿಡಕೂಡದು ಎಂದಳು ದಾದಿ.

ಈಗ ಮನೆಯಲ್ಲಿ ಅತ್ತೆಯವರೇ ಬೆರಳು ಚುಚ್ಚಿಕೊಳ್ಳುತ್ತಾರೆ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಅಂಕಿ ಬರೆಯುವುದು ನನ್ನ ಕೆಲಸ. ಮೊನ್ನೆ ನನ್ನ ಕಡೆಗೂ ಸೂಜಿ ಹಿಡಿದು, "ನಿನ್ನದನ್ನೂ ನೋಡೋಣ, ಕೈ ನೀಡಮ್ಮಾ" ಎಂದರು. ಒಲೆಯ ಮೇಲೆ ಹಾಲಿದೆಯೆಂದು ಎದ್ದು ಹೋದೆ. ಒಲೆ ಹಚ್ಚಿರಲಿಲ್ಲವೆಂಬುದು ಅವರಿಗೂ ಗೊತ್ತು.